ಅಗ್ಗದ ಪರವಾನಗಿ, ಬಾಡಿಗೆಯ ತಂತಿ

ಭಾರತದಲ್ಲಿ ಖಾಸಗಿ ಇಂಟರ್ನೆಟ್ ಸೇವೆ ಹೇಗೆ ಬೆಳೆಯಿತು, ಎಲ್ಲಿ ಎಡವಿತು ಎಂಬುದನ್ನು ಅರಿಯಲು ಚೆನ್ನೈನ ಸತ್ಯಂ ಇನ್ಫೋವೇ, ಅಂದರೆ ಇಂದಿನ ಸಿಫಿ ಟೆಕ್ನಾಲಜೀಸ್, ನಡೆದುಬಂದ ದಾರಿಯನ್ನು ನೋಡಬೇಕು. ಸರ್ಕಾರಿ ಏಕಸ್ವಾಮ್ಯ ಕೊನೆಗೊಂಡ ತಿಂಗಳಲ್ಲೇ ಕಣಕ್ಕಿಳಿದ ಈ ಸಂಸ್ಥೆ ಒಂದು ವರ್ಷದೊಳಗೆ ಅಮೆರಿಕದ ಷೇರುಪೇಟೆಯನ್ನು ಮುಟ್ಟಿ, ಮುಂದೆ ದೇಶದ ಅತಿ ದೊಡ್ಡ ಸೈಬರ್ ಕೆಫೆ ಜಾಲಗಳಲ್ಲೊಂದನ್ನು ಕಟ್ಟಿ, ಆಮೇಲೆ ಮನೆಬಳಕೆಯ ಗ್ರಾಹಕರಿಂದ ಹಂತಹಂತವಾಗಿ ದೂರ ಸರಿಯಿತು. ಈ ಏರಿಳಿತಕ್ಕೆ ಡಾಟ್‌ಕಾಂ ಷೇರುಗಳ ಕುಸಿತವೇ ಕಾರಣವೆಂದು ಹೇಳುವುದು ವಾಡಿಕೆಯಾದರೂ ಮೂಲ ಕಾರಣ ಅದಕ್ಕಿಂತ ಸರಳವಾದದ್ದು: ಗ್ರಾಹಕನ ಮನೆಯೊಳಗೆ ಹೋಗುವ ತಂತಿ ಅದರದಾಗಿರಲಿಲ್ಲ.

ಇಂಟರ್ನೆಟ್ ಈ ದೇಶಕ್ಕೆ ಮೊದಲು ಬಂದದ್ದು ವಿದ್ವಾಂಸರ ಬಳಕೆಗೆ. 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು. ಸಾರ್ವಜನಿಕರಿಗೆ ಈ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಸ್ವಾಮ್ಯದ ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ನಾಲ್ಕು ಮಹಾನಗರಗಳಲ್ಲಿ ಸೇವೆ ಆರಂಭಿಸಿದಾಗ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 500 ರೂಪಾಯಿಯ, ಬರೀ ಅಕ್ಷರ ಕಾಣಿಸುವ ಖಾತೆಯಿತ್ತು. ಚಿತ್ರಸಹಿತ ಪುಟಗಳನ್ನು ನೋಡಬಯಸುವ ವ್ಯಕ್ತಿ 15,000 ರೂಪಾಯಿ ತೆರಬೇಕಿತ್ತು. ಮೊದಲ ಆರು ತಿಂಗಳಲ್ಲಿ ಸೇರಿದ ಚಂದಾದಾರರು ಸುಮಾರು 10,000 ಮಂದಿ ಮಾತ್ರ. ಬೇಡಿಕೆ ಇಲ್ಲದ್ದರಿಂದ ಹೀಗಾಯಿತೆನ್ನುವುದು ಸರಿಯಲ್ಲ. ಬೆಲೆ ಮತ್ತು ಸದಾ ಸಿಗದ ಸಂಪರ್ಕ ಜನರನ್ನು ಹೊರಗೇ ನಿಲ್ಲಿಸಿದ್ದವು.

1998ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ನೀತಿ ಈ ಕ್ಷೇತ್ರವನ್ನು ಖಾಸಗಿಯವರಿಗೆ ಬಿಟ್ಟುಕೊಟ್ಟಿತು. ಇಡೀ ದೇಶಕ್ಕೆ ‘ಎ’, ದೂರಸಂಪರ್ಕ ವೃತ್ತ ಅಥವಾ ಮಹಾನಗರಕ್ಕೆ ‘ಬಿ’, ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಪ್ರದೇಶಕ್ಕೆ ‘ಸಿ’ ಎಂದು ಮೂರು ವರ್ಗದ ಪರವಾನಗಿಗಳನ್ನು ಅದು ಗೊತ್ತುಮಾಡಿತು. ಮೊದಲ ಐದು ವರ್ಷ ಶುಲ್ಕವೇ ಇಲ್ಲ, ನಂತರ ವರ್ಷಕ್ಕೆ ಒಂದು ರೂಪಾಯಿ. ಮೊಬೈಲ್ ಪರವಾನಗಿಗೆ ಕೋಟಿಗಟ್ಟಲೆ ವಸೂಲಿ ಮಾಡುತ್ತಿದ್ದ ಸರ್ಕಾರ ಇಂಟರ್ನೆಟ್ಟಿನ ವಿಷಯದಲ್ಲಿ ಇಷ್ಟು ಉದಾರವಾದದ್ದು ಆ ಕಾಲಕ್ಕೆ ದೊಡ್ಡ ಸಂಗತಿಯೇ. ಸತ್ಯಂ ಕಂಪ್ಯೂಟರ್ಸ್‌ನ ಅಂಗಸಂಸ್ಥೆಯಾಗಿ 1995ರ ಡಿಸೆಂಬರ್‌ನಲ್ಲಿ ಹುಟ್ಟಿ, ಆರ್. ರಾಮರಾಜ್ ಅವರ ನೇತೃತ್ವದಲ್ಲಿ ಉದ್ಯಮಗಳಿಗೆ ದತ್ತಾಂಶ ಸಾಗಿಸುವ ಖಾಸಗಿ ಜಾಲವನ್ನು ಕಟ್ಟಿಕೊಂಡಿದ್ದ ಸತ್ಯಂ ಇನ್ಫೋವೇ ಅದೇ ನವೆಂಬರ್‌ನಲ್ಲಿ ‘ಸತ್ಯಂ ಆನ್‌ಲೈನ್’ ಹೆಸರಿನಲ್ಲಿ ಸೇವೆ ಆರಂಭಿಸಿತು.

ಪರವಾನಗಿ ಹೀಗೆ ಅಗ್ಗವಾಯಿತಾದರೂ ಸಂಪರ್ಕ ಸಾಗಬೇಕಿದ್ದ ಮಾರ್ಗ ಅಗ್ಗವಾಗಲಿಲ್ಲ. ಆಗಿನದು ಡಯಲ್‌ಅಪ್ ಸಂಪರ್ಕ: ಕಂಪ್ಯೂಟರಿನ ಅಂಕೀಯ ಸಂಕೇತವನ್ನು ದೂರವಾಣಿಯಲ್ಲಿ ಹೋಗಬಲ್ಲ ಸದ್ದಾಗಿ ಮಾರ್ಪಡಿಸುವ ಮೋಡೆಮ್ ಎಂಬ ಪೆಟ್ಟಿಗೆ ಸೇವಾದಾರನ ಸಂಖ್ಯೆಗೆ ಕರೆ ಮಾಡುತ್ತಿತ್ತು, ಕರೆ ಜಾರಿಯಲ್ಲಿರುವಷ್ಟು ಹೊತ್ತೂ ಮನೆಯ ಫೋನು ಬೇರೆಯವರಿಗೆ ಸಿಗುತ್ತಿರಲಿಲ್ಲ. ಹೀಗಾಗಿ ಗ್ರಾಹಕ ಎರಡು ಕಡೆ ದುಡ್ಡು ಕೊಡಬೇಕಿತ್ತು, ಇಂಟರ್ನೆಟ್ ಗಂಟೆಗಳಿಗೆ ಸೇವಾದಾರನಿಗೆ, ಸ್ಥಳೀಯ ಕರೆಗೆ ದೂರಸಂಪರ್ಕ ಇಲಾಖೆಗೆ. ಕರೆಯ ಹಣದಲ್ಲಿ ಸೇವಾದಾರನಿಗೆ ಪಾಲಿರಲಿಲ್ಲ, ಮೇಲಾಗಿ ಆ ಕರೆಗಳನ್ನು ಸ್ವೀಕರಿಸಲು ಬೇಕಾದ ದೂರವಾಣಿ ಮಾರ್ಗಗಳನ್ನು ಅವನು ಅದೇ ಇಲಾಖೆಯಿಂದ ಬಾಡಿಗೆಗೆ ಪಡೆಯಬೇಕಿತ್ತು. ಇಲಾಖೆಯೂ ಅದರ ಉತ್ತರಾಧಿಕಾರಿಯಾದ ಬಿಎಸ್‌ಎನ್‌ಎಲ್ಲೂ ಸ್ವತಃ ಇಂಟರ್ನೆಟ್ ಮಾರುತ್ತಿದ್ದವು. ಪೈಪೋಟಿಗೆ ನಿಂತವನ ಅಂಗಳದಲ್ಲೇ ಅಂಗಡಿ ಇಡಬೇಕಾದ ಈ ಸ್ಥಿತಿಯಲ್ಲಿ ನೂರಾರು ಸಣ್ಣ ಸೇವಾದಾರರು ಪರವಾನಗಿ ಪಡೆದೂ ಉಳಿಯಲಾರದೆ ಹೋದದ್ದು ಆಶ್ಚರ್ಯವಲ್ಲ.

ಸತ್ಯಂ ಇನ್ಫೋವೇ ಉಳಿದುಕೊಂಡದ್ದು ಬಂಡವಾಳದ ಬಲದಿಂದ. ಬೆಂಗಳೂರಿನ ಇನ್ಫೋಸಿಸ್ ನಾಸ್ಡಾಕ್ ಪ್ರವೇಶಿಸಿದ ವರ್ಷದಲ್ಲೇ, 1999ರ ಅಕ್ಟೋಬರ್‌ನಲ್ಲಿ, ಅದು ಅದೇ ಪೇಟೆಗೆ ಹೋಯಿತು; ಅಲ್ಲಿಗೆ ಹೋದ ಮೊದಲ ಭಾರತೀಯ ಇಂಟರ್ನೆಟ್ ಸಂಸ್ಥೆ ಅದೇ. 18 ಡಾಲರಿಗೆ ಬಿಕರಿಯಾದ ಅದರ ಅಮೆರಿಕನ್ ಡಿಪಾಸಿಟರಿ ಷೇರುಗಳನ್ನು, ಅಂದರೆ ಭಾರತೀಯ ಷೇರುಗಳಿಗೆ ಬದಲಾಗಿ ಅಮೆರಿಕದ ಬ್ಯಾಂಕೊಂದು ಹೊರಡಿಸುವ ಪತ್ರಗಳನ್ನು, ನಾಲ್ಕೇ ತಿಂಗಳ ನಂತರ ಸಂಸ್ಥೆ 320 ಡಾಲರಿನಂತೆ ಮಾರಿತು. ಈ ನಡುವೆ, 1999ರ ನವೆಂಬರ್‌ನಲ್ಲಿ, ರಾಜೇಶ್ ಜೈನ್ ಅವರ ಇಂಡಿಯಾವರ್ಲ್ಡ್ ಅನ್ನು 499 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದವೂ ಆಯಿತು. ಸುದ್ದಿ, ಆಟ, ಅಡುಗೆಗಳ ಜಾಲತಾಣಗಳಿಗೆ ತೆತ್ತ ಆ ಮೊತ್ತ ದೇಶವನ್ನು ಬೆರಗುಗೊಳಿಸಿತು. ಷೇರುಪೇಟೆ ಕುಸಿದ ಮೇಲೆ ಅದು ಅತಿಯಾದ ಬೆಲೆಯೆಂದು ಎಲ್ಲರಿಗೂ ಕಂಡಿತು.

ಸಂಸ್ಥೆಯ ನಿಜವಾದ ಸಾಧನೆ ಷೇರುಪೇಟೆಯಲ್ಲಿ ಆದದ್ದಲ್ಲ, ಬೀದಿಬದಿಯ ಮಳಿಗೆಗಳಲ್ಲಿ ಆದದ್ದು. ಕಂಪ್ಯೂಟರಿನ ಬೆಲೆ ಗುಮಾಸ್ತನೊಬ್ಬನ ಹಲವು ತಿಂಗಳ ಸಂಬಳಕ್ಕೆ ಸಮನಾಗಿದ್ದ ದೇಶದಲ್ಲಿ ಇಂಟರ್ನೆಟ್ಟನ್ನು ಮನೆಮನೆಗೆ ಒಯ್ಯುವುದಕ್ಕಿಂತ, ಹತ್ತಾರು ಮಂದಿ ಗಂಟೆಗಿಷ್ಟೆಂದು ಕೊಟ್ಟು ಹಂಚಿಕೊಳ್ಳುವ ಜಾಗಕ್ಕೆ ಒಯ್ಯುವುದೇ ಸರಿಯಾದ ಉಪಾಯವಾಗಿತ್ತು. ‘ಐವೇ’ ಹೆಸರಿನ ಈ ಸೈಬರ್ ಕೆಫೆಗಳು ಹೆಚ್ಚಾಗಿ ಫ್ರಾಂಚೈಸಿ ಪದ್ಧತಿಯವು: ಸ್ಥಳ, ಯಂತ್ರ, ದುಡಿಮೆ ಸ್ಥಳೀಯ ಉದ್ಯಮಿಯದು, ಹೆಸರು ಮತ್ತು ಸಂಪರ್ಕ ಸಂಸ್ಥೆಯದು. ಹಲವು ಕಡೆ ಕಟ್ಟಡದ ಮಾಳಿಗೆಯ ಆಂಟೆನಾದ ಮೂಲಕ ನಿಸ್ತಂತು ಸಂಪರ್ಕ ಕೊಟ್ಟದ್ದರಿಂದ ದೂರವಾಣಿ ತಂತಿಯ ಹಂಗೂ ತಪ್ಪಿತು. 2000ದ ದಶಕದ ಮಧ್ಯದ ಹೊತ್ತಿಗೆ ಇಂಥ ಕೆಫೆಗಳ ಸಂಖ್ಯೆ 3,000 ದಾಟಿತ್ತು. ಕರ್ನಾಟಕದ ಒಂದು ತಲೆಮಾರು ಎಸ್ಸೆಸ್ಸೆಲ್ಸಿ ಮತ್ತು ಸಿಇಟಿ ಫಲಿತಾಂಶವನ್ನು ನೋಡಿದ್ದು, ಉದ್ಯೋಗಕ್ಕೆ ಅರ್ಜಿ ಗುಜರಾಯಿಸಿದ್ದು, ಹೊರದೇಶದಲ್ಲಿದ್ದ ಮಕ್ಕಳ ಮುಖವನ್ನು ಪರದೆಯ ಮೇಲೆ ಕಂಡದ್ದು ಯಾವುದೋ ಒಂದು ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ. ಸೈಬರ್ ಕೆಫೆ ಎಂದೊಡನೆ ಅನುಮಾನಪಡುವ ರೂಢಿ ಬೆಳೆದು, ಕರ್ನಾಟಕ ಸರ್ಕಾರ 2004ರಲ್ಲೂ ಕೇಂದ್ರ 2011ರಲ್ಲೂ ಅವುಗಳಿಗೆ ನಿಯಮ ರೂಪಿಸಿದವು. ಬಂದವರ ಗುರುತು ದಾಖಲಿಸುವ ಹೊಣೆ ಮಾಲೀಕನ ಹೆಗಲೇರಿತು. ಆದರೆ ಬಡವರ ಮನೆಯ ಹುಡುಗಿಗೂ ಇಂಟರ್ನೆಟ್ ಎಟುಕುವಂತೆ ಮಾಡಿದ ಆ ಮಳಿಗೆಗಳ ಉಪಕಾರವನ್ನು ಯಾರೂ ಬರೆದಿಡಲಿಲ್ಲ.

ಮನೆಗಳತ್ತ ಹೋಗಲು ಸಂಸ್ಥೆ ಹಿಡಿದದ್ದು ಕೇಬಲ್ ಟಿವಿಯವರ ಕೈಯನ್ನು. ಮಾಳಿಗೆಯವರೆಗೆ ನಿಸ್ತಂತು ಸಂಪರ್ಕ, ಅಲ್ಲಿಂದ ಮನೆಗಳಿಗೆ ಕೇಬಲ್ ಆಪರೇಟರ್ ಎಳೆದ ತಂತಿ. ಬೆಂಗಳೂರಿನ ಬಡಾವಣೆಗಳಲ್ಲಿ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ತೂಗುವ ತಂತಿಗಳ ಗೋಜಲು ಇಂಥ ವ್ಯವಸ್ಥೆಗಳ ಕುರುಹು. ಇದು ಜಾಣ ಉಪಾಯವಾದರೂ ಮಳೆಗಾಳಿಗೆ ತುಂಡಾಗುವ, ಆಪರೇಟರ್ ಮನಸ್ಸು ಬದಲಿಸಿದರೆ ಗ್ರಾಹಕರೂ ಹೋಗಿಬಿಡುವ ನೆಲೆಯಾಗಿತ್ತು.

ಅದೇ ವೇಳೆಗೆ ದೇಶದ ಕೋಟ್ಯಂತರ ಮನೆಗಳಿಗೆ ಸಾರ್ವಜನಿಕ ಹಣದಿಂದ ಎಳೆದ ತಾಮ್ರದ ತಂತಿ ಇದ್ದೇ ಇತ್ತು. ಆ ತಂತಿಯನ್ನು ನಿಗದಿತ ಬಾಡಿಗೆಗೆ ಇತರ ಸೇವಾದಾರರಿಗೂ ತೆರೆಯುವ ಕ್ರಮವನ್ನು 2004ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೇ ಶಿಫಾರಸು ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದ ಬ್ರಾಡ್‌ಬ್ಯಾಂಡ್ ನೀತಿ ಆ ಶಿಫಾರಸನ್ನು ಕಡ್ಡಾಯಗೊಳಿಸದೆ, ತಂತಿಯ ಒಡೆಯರು ಪರಸ್ಪರ ಒಪ್ಪಂದ ಮಾಡಿಕೊಳ್ಳಲು ಸ್ವತಂತ್ರರು ಎಂದಷ್ಟೇ ಹೇಳಿ ಬಿಟ್ಟಿತು. 2010ರೊಳಗೆ 2 ಕೋಟಿ ಸಂಪರ್ಕಗಳ ಗುರಿಯನ್ನೂ ಅದೇ ನೀತಿ ಇಟ್ಟುಕೊಂಡಿತ್ತು. ಆ ವರ್ಷಾಂತ್ಯಕ್ಕೆ ಸಾಧ್ಯವಾದದ್ದು ಸುಮಾರು 1.1 ಕೋಟಿ. ತಂತಿಯನ್ನು ಕಡ್ಡಾಯವಾಗಿ ತೆರೆಯದ ನಿರ್ಧಾರ ಬಿಎಸ್‌ಎನ್‌ಎಲ್ ಅನ್ನೂ ಉಳಿಸಲಿಲ್ಲ, ಖಾಸಗಿಯವರನ್ನೂ ಬೆಳೆಸಲಿಲ್ಲ. ಆ ದಶಕದ ದೊಡ್ಡ ತಪ್ಪು ಅದೇ.

2003ರಲ್ಲಿ ಸಿಫಿ ಎಂಬ ಹೆಸರು ತಳೆದ ಸಂಸ್ಥೆ 2005ರಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಪಾಲು ಉದ್ಯಮಿ ರಾಜು ವೆಗೇಶ್ನ ಅವರಿಗೆ ಹೋದ ಮೇಲೆ ಬ್ಯಾಂಕು, ಕಾರ್ಖಾನೆ, ಕಚೇರಿಗಳ ಜಾಲಗಳತ್ತ ವಾಲಿತು. ಸ್ಪೆಕ್ಟ್ರಮ್, ಅಂದರೆ ನಿಸ್ತಂತು ತರಂಗಾಂತರ, ಕೊಳ್ಳುವ ಶಕ್ತಿಯಿದ್ದ ಮೊಬೈಲ್ ಸಂಸ್ಥೆಗಳು, 2016ರ ಸೆಪ್ಟೆಂಬರ್‌ನಿಂದ ವಿಶೇಷವಾಗಿ ಜಿಯೊ, ಕೆಫೆಯ ಗ್ರಾಹಕನನ್ನು ಅವನ ಜೇಬಿನ ಫೋನಿನಲ್ಲೇ ಹಿಡಿದವು. ಇಂದು ದೇಶದ ಬ್ರಾಡ್‌ಬ್ಯಾಂಡ್ ಚಂದಾದಾರರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಎರಡೇ ಸಂಸ್ಥೆಗಳ ಕೈಯಲ್ಲಿದ್ದಾರೆ.

ತಂತಿಯ ಪ್ರಶ್ನೆ ಮಾತ್ರ ಹಳ್ಳಿಗಳಲ್ಲಿ ಮತ್ತೆ ಎದುರಾಗಿದೆ. 2011ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆಯಡಿ, ಬೆಳಕಿನ ಮೂಲಕ ದತ್ತಾಂಶ ಸಾಗಿಸುವ ಗಾಜಿನ ಎಳೆಯನ್ನು ಸಾರ್ವಜನಿಕ ನಿಧಿಯಿಂದ ಎರಡು ಲಕ್ಷಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳ ಬಾಗಿಲವರೆಗೆ ಒಯ್ಯಲಾಗಿದೆ. ಪಂಚಾಯಿತಿ ಕಚೇರಿಯಿಂದ ಮನೆಗೆ ಉಳಿದಿರುವ ದಾರಿಯನ್ನು ಕ್ರಮಿಸಬಲ್ಲವರು ಆ ಊರಿನ ಕೇಬಲ್ ಆಪರೇಟರ್‌ಗಳು ಮತ್ತು ಸಣ್ಣ ಸೇವಾದಾರರು. 1998ರಲ್ಲಿ ಅಗ್ಗದ ಪರವಾನಗಿ ಕೊಟ್ಟು ತಂತಿಯನ್ನು ಹಿಡಿದಿಟ್ಟುಕೊಂಡ ಕ್ರಮ ಇಲ್ಲಿ ಪುನರಾವರ್ತನೆಯಾಗದಂತೆ, ಆ ಎಳೆ ನ್ಯಾಯವಾದ, ಎಲ್ಲರಿಗೂ ಒಂದೇ ಆದ ಬಾಡಿಗೆಗೆ ಅವರಿಗೆ ಸಿಗಬೇಕು, ಆ ದರವನ್ನು ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.