ಅಂಗಳದ ಬಿಸಿಲಿಗೊಂದು ಭೂಮಿ–ಚಂದ್ರರ ಆಟಿಕೆ

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ–3ರ ವಿಕ್ರಮ್ ನೌಕೆ ಚಂದ್ರನ ನೆಲವನ್ನು ಮುಟ್ಟಿತು. ಆ ಸುದ್ದಿಯನ್ನು ದೊಡ್ಡವರು ಎಷ್ಟು ಸಂತೋಷದಿಂದ ಕೇಳಿದರೋ ಅದಕ್ಕಿಂತ ಹೆಚ್ಚು ಸಂತೋಷದಿಂದ ಕೇಳಿದವರು ಮಕ್ಕಳು. ಅಂದಿನಿಂದ ರಾಕೆಟ್ಟು ಬೇಕು, ಚಂದ್ರನ ಬಂಡಿ ಬೇಕು ಎಂಬ ಹಟ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಈ ಹಟ ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಸಿಕ್ಕುವ ಆಟಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಒಂದು ಪೀಠದ ಮೇಲೆ ಸೂರ್ಯ, ಅದರ ಪಕ್ಕದಲ್ಲಿ ಭೂಮಿ, ಭೂಮಿಗೆ ಎರಡು ಬೆರಳಿನಷ್ಟು ದೂರದಲ್ಲಿ ಚಂದ್ರ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಎಲ್ಲವೂ ಗಿರಗಿರನೆ ತಿರುಗುತ್ತವೆ. ಎರಡು ದಿನಗಳಲ್ಲಿ ಬ್ಯಾಟರಿ ಮುಗಿಯುತ್ತದೆ. ಮಗು ಅದನ್ನು ಮೂಲೆಗೆ ಎಸೆಯುತ್ತದೆ. ಆದರೆ ಚಂದ್ರ ನಮಗೆ ಎರಡು ಬೆರಳಿನಷ್ಟೇ ದೂರ ಎಂಬ ತಪ್ಪು ಕಲ್ಪನೆ ಮಾತ್ರ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಹಾಗಾದರೆ ಒಳ್ಳೆಯ ಆಟಿಕೆ ಹೇಗಿರಬೇಕು? ಅದಕ್ಕೆ ಒಂದೇ ಪರೀಕ್ಷೆ ಸಾಕು. ಆಟಿಕೆ ತೋರಿಸುವುದನ್ನು ಮಗು ತನ್ನ ಮನೆಯ ಅಂಗಳದಲ್ಲಿ, ತನ್ನ ಊರಿನ ಆಕಾಶದ ಎದುರು ನಿಂತು, ಸರಿಯೋ ತಪ್ಪೋ ಎಂದು ತಾನೇ ನೋಡಿಕೊಳ್ಳುವಂತಿರಬೇಕು. ಅಂಥ ಒಂದು ಆಟಿಕೆಯನ್ನು ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ದೊರೆಯುವ ಸಾಮಾನಿನಿಂದಲೇ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದೆ. ಇದಕ್ಕೆ ಬ್ಯಾಟರಿ ಬೇಡ, ದೀಪವೂ ಬೇಡ. ನಮ್ಮ ಜಿಲ್ಲೆಗೆ ಯಾವ ಕೊರತೆಯೂ ಇಲ್ಲದ ವಸ್ತುವೊಂದಿದೆ, ಬಿಸಿಲು. ಈ ಆಟಿಕೆ ನಡೆಯುವುದು ಅದರಿಂದಲೇ.

ಮಾಡುವ ಬಗೆ

ಬೇಕಾದದ್ದು ಇಷ್ಟು: ಹಳೆಯ ಪತ್ರಿಕೆಗಳು, ಅಂಟು, ತೆಂಗಿನ ಗರಿಯ ಪೊರಕೆಯ ಕೆಲವು ಕಡ್ಡಿಗಳು, ಒಂದು ಮಣ್ಣಿನ ಹಣತೆ, ಮತ್ತು ನಾಲ್ಕಡಿಗಿಂತ ಸ್ವಲ್ಪ ಉದ್ದವಾದ, ಚೆನ್ನಾಗಿ ಒಣಗಿದ, ನೆಟ್ಟಗಿರುವ ಒಂದು ಜೋಳದ ದಂಟು.

ಕಾಗದವನ್ನು ಚೂರುಮಾಡಿ ರಾತ್ರಿಯೆಲ್ಲ ನೆನೆಹಾಕಿ, ರುಬ್ಬಿ, ನೀರು ಹಿಂಡಿ, ಅಂಟು ಬೆರೆಸಿ ಕಣಕದಂತೆ ಮಾಡಿಕೊಳ್ಳಬೇಕು. ಕಾಗದದ ರೊಜ್ಜಿನಿಂದ ಬುಟ್ಟಿ ಮಾಡುತ್ತಿದ್ದ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಟಿಗೆ ಮೈದಾ ಗಂಜಿಯಾದರೂ ಆದೀತು. ಹುಣಸೆ ಬೀಜದ ಅಂಟಾದರೆ ಇನ್ನೂ ಗಟ್ಟಿ. ಹಿಂದೆ ರಾಯಚೂರು ಜಿಲ್ಲೆಗೆ ಸೇರಿದ್ದು ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಕಿನ್ನಾಳದ ಚಿತ್ರಗಾರರು ತಮ್ಮ ಮರದ ಗೊಂಬೆಗಳಿಗೆ ಮೈ ತುಂಬಲು ಮರದ ಹೊಟ್ಟಿನೊಡನೆ ಬೆರೆಸುವುದು ಈ ಹುಣಸೆ ಬೀಜದ ಅಂಟನ್ನೇ.

ಈ ರೊಜ್ಜಿನಿಂದ ಎರಡು ಉಂಡೆ ಕಟ್ಟಬೇಕು. ದೊಡ್ಡದು ಭೂಮಿ, ಒಣಗಿದ ಮೇಲೆ ಅದರ ಅಡ್ಡಳತೆ 4 ಸೆಂಟಿಮೀಟರು, ಎಂದರೆ ಒಂದು ನಿಂಬೆಹಣ್ಣಿನ ಗಾತ್ರ. ಚಿಕ್ಕದು ಚಂದ್ರ, ಅದರ ಅಡ್ಡಳತೆ 11 ಮಿಲಿಮೀಟರು, ಎಂದರೆ ಒಂದು ದೊಡ್ಡ ಕಡಲೆಕಾಳಿನಷ್ಟು. ಒಣಗುವಾಗ ಉಂಡೆ ಕುಗ್ಗುವುದರಿಂದ ತುಸು ದೊಡ್ಡದಾಗಿಯೇ ಕಟ್ಟಿ ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಬೇಕು. ಭೂಮಿಯ ಸುತ್ತ ದಾರ ಸುತ್ತಿ ನೋಡಿದರೆ 12½ ಸೆಂಟಿಮೀಟರು ಇರಬೇಕು. ಹೆಚ್ಚಾದರೆ ಉಜ್ಜಿ ಸರಿಮಾಡಬಹುದು. ಈ ಅಳತೆಯ ಕೆಲಸವನ್ನು ಮಗುವಿಗೇ ಬಿಡಿ. ಅರ್ಧ ಪಾಠ ಅಲ್ಲೇ ಆಗಿಹೋಗುತ್ತದೆ.

ಈಗ ಭೂಮಿಯ ಎರಡು ಧ್ರುವಗಳನ್ನು ಗುರುತಿಸಿ, ಎರಡಕ್ಕೂ ಸಮದೂರದಲ್ಲಿ ಸಮಭಾಜಕ ವೃತ್ತವನ್ನು ಎಳೆಯಿರಿ. ಉತ್ತರ ಧ್ರುವಕ್ಕೆ ಒಂದು ಕಡ್ಡಿ ಚುಚ್ಚಿರಿ. ಸಮಭಾಜಕದಿಂದ ಉತ್ತರಕ್ಕೆ ಆರು ಮಿಲಿಮೀಟರಿಗೆ ತುಸು ಕಡಿಮೆ ದೂರದಲ್ಲಿ ಒಂದು ಚುಕ್ಕೆ ಇಡಿ. ಅದೇ ರಾಯಚೂರು, ಅದರ ಅಕ್ಷಾಂಶ 16.2 ಡಿಗ್ರಿ. ಮಾನ್ವಿ ಸುಮಾರು 16 ಡಿಗ್ರಿಯಲ್ಲಿದೆ, ದೇವದುರ್ಗ 16.4 ಡಿಗ್ರಿಯಲ್ಲಿ. ಈ ಚೆಂಡಿನ ಮೇಲೆ ಮೂರು ಊರುಗಳೂ ಒಂದೇ ಚುಕ್ಕೆಯೊಳಗೆ ಅಡಗುತ್ತವೆ. ಇಡೀ ಭಾರತವೇ ಉತ್ತರದಿಂದ ದಕ್ಷಿಣಕ್ಕೆ ಒಂದು ಸೆಂಟಿಮೀಟರು! ಆ ಚುಕ್ಕೆಯ ಮೇಲೆ ಅರ್ಧ ಸೆಂಟಿಮೀಟರಿನ ಕಡ್ಡಿಯ ಚೂರೊಂದನ್ನು ನೆಟ್ಟಗೆ ನಿಲ್ಲಿಸಿ. ಅದು ನಮ್ಮ ಊರಿನ ಕಂಬ. ಆಟಿಕೆ ಸಿದ್ಧವಾಯಿತು.

ಮೊದಲನೆಯ ಆಟ: ದೂರ

ಮಗುವಿನ ಕೈಗೆ ಚಂದ್ರನನ್ನು ಕೊಟ್ಟು, “ಇದನ್ನು ಭೂಮಿಯಿಂದ ಎಷ್ಟು ದೂರ ಇಡುತ್ತೀ?” ಎಂದು ಕೇಳಿ. ಮಗು ಗೇಣುದೂರದಲ್ಲಿ ಇಡುತ್ತದೆ. ಕೆಲವು ದೊಡ್ಡವರೂ ಅಲ್ಲೇ ಇಡುತ್ತಾರೆ. ಭೂಮಿಯಂಥ ಮೂವತ್ತು ಉಂಡೆಗಳನ್ನು ಸಾಲಾಗಿ ಜೋಡಿಸಿದರೆ ಆಗುವಷ್ಟು ದೂರದಲ್ಲಿ ಚಂದ್ರನಿದ್ದಾನೆ. ನಿಜವಾದ ದೂರ ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರು. ನಮ್ಮ ಆಟಿಕೆಯಲ್ಲಿ 120 ಸೆಂಟಿಮೀಟರು, ನಾಲ್ಕಡಿ. ಜೋಳದ ದಂಟಿಗೆ ಅಷ್ಟು ಉದ್ದ ಬೇಕಾದದ್ದು ಇದಕ್ಕಾಗಿಯೇ.

2025ರಲ್ಲಿ ಶುಭಾಂಶು ಶುಕ್ಲಾ ಅವರು ಹೋಗಿ ಇದ್ದು ಬಂದ ಅಂತರಿಕ್ಷ ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರು ಮೇಲಿದೆ. ನಮ್ಮ ಚೆಂಡಿನಲ್ಲಿ ಅದು ಎಲ್ಲಿ? ಮೇಲ್ಮೈಯಿಂದ ಒಂದು ಮಿಲಿಮೀಟರಿಗೆ ಸ್ವಲ್ಪ ಆಚೆ! ಇನ್ನು ಸೂರ್ಯ? ಈ ಅಳತೆಯಲ್ಲಿ ಅವನು ನಾಲ್ಕೂವರೆ ಮೀಟರು ಅಡ್ಡಳತೆಯ ಗೋಳ, ಒಂದು ಕೋಣೆಯನ್ನು ತುಂಬುವಷ್ಟು. ಇರುವುದು ಅರ್ಧ ಕಿಲೋಮೀಟರಿನಷ್ಟು ಆಚೆ. ಆದುದರಿಂದಲೇ ಈ ಆಟಿಕೆಗೆ ಸೂರ್ಯನನ್ನು ಮಾಡಲಿಲ್ಲ. ಇರುವ ಸೂರ್ಯನನ್ನೇ ಬಳಸಿಕೊಳ್ಳೋಣ.

ಎರಡನೆಯ ಆಟ: ನಮ್ಮ ಊರಿನ ನೆರಳು

ಹಣತೆಯನ್ನು ಅಂಗಳದಲ್ಲೋ ಮಾಳಿಗೆಯ ಮೇಲೋ ಇಟ್ಟು ಅದರಲ್ಲಿ ಭೂಮಿಯನ್ನು ಕೂರಿಸಿ. ರಾಯಚೂರಿನ ಕಂಬ ನೆಟ್ಟಗೆ ಮೇಲಕ್ಕೆ ನಿಲ್ಲಲಿ. ಧ್ರುವದ ಕಡ್ಡಿ ಉತ್ತರ ದಿಕ್ಕಿಗಿರಲಿ. ಹೀಗೆ ಇಟ್ಟೊಡನೆ ಆ ಕಡ್ಡಿ ತಾನಾಗಿಯೇ 16 ಡಿಗ್ರಿ ಮೇಲೆದ್ದು ಧ್ರುವ ನಕ್ಷತ್ರವನ್ನು ತೋರಿಸುತ್ತದೆ. ಈಗ ಕೈಯಲ್ಲಿರುವ ಭೂಮಿ ಕಾಲಡಿಯ ಭೂಮಿಯಂತೆಯೇ ಓರೆಯಾಗಿ ನಿಂತಿದೆ. ಎರಡರ ಮೇಲೂ ಬೀಳುತ್ತಿರುವುದು ಒಂದೇ ಬಿಸಿಲು. ಹಾಗಾಗಿ ಚೆಂಡಿನ ಮೇಲೆ ಎಲ್ಲಿ ಬೆಳಕಿದೆಯೋ ಅಲ್ಲೆಲ್ಲ ಈಗ ನಿಜವಾಗಿಯೂ ಹಗಲು. ಎಲ್ಲಿ ನೆರಳಿದೆಯೋ ಅಲ್ಲಿ ರಾತ್ರಿ. ಸಂಜೆ ಐದು ಗಂಟೆಗೆ ನೋಡಿದರೆ ಪೂರ್ವದಲ್ಲಿ ಜಪಾನು ಕತ್ತಲೆಯಲ್ಲಿರುತ್ತದೆ, ಪಶ್ಚಿಮದಲ್ಲಿ ಅರಬ್ಬೀ ನಾಡು ಬಿಸಿಲಿನಲ್ಲಿರುತ್ತದೆ. ಅಲ್ಲಿ ದುಡಿಯಲು ಹೋದ ಬಂಧುಗಳಿಗೆ ಫೋನು ಮಾಡಿದರೆ ಸಾಕು, ಪರೀಕ್ಷೆ ಮುಗಿಯಿತು.

ಈಗ ಹಣತೆಯ ಪಕ್ಕದಲ್ಲಿ ಒಂದು ಮೀಟರಿನ ಕೋಲನ್ನು ನೆಟ್ಟಗೆ ನಿಲ್ಲಿಸಿ. ದೊಡ್ಡ ಕೋಲಿನ ನೆರಳು ಯಾವ ದಿಕ್ಕಿಗೋ ಚೆಂಡಿನ ಮೇಲಿನ ಪುಟ್ಟ ಕಂಬದ ನೆರಳೂ ಅದೇ ದಿಕ್ಕಿಗೆ ಬೀಳುತ್ತದೆ. ಡಿಸೆಂಬರ್ ಕೊನೆಯ ಭಾಗದಲ್ಲಿ ನಡುಹಗಲಿನಲ್ಲಿ ರಾಯಚೂರಿನಲ್ಲಿ ಈ ಕೋಲಿನ ನೆರಳು ಉತ್ತರಕ್ಕೆ 80 ಸೆಂಟಿಮೀಟರಿಗೂ ಉದ್ದವಾಗಿರುತ್ತದೆ. ಅದು ದಿನದಿನಕ್ಕೆ ಕುಗ್ಗುತ್ತ ಬಂದು ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ. ಸೂರ್ಯ ಅಂದು ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಇದು ಮೊದಲು ಮಾನ್ವಿಯಲ್ಲಿ, ಅನಂತರ ರಾಯಚೂರಿನಲ್ಲಿ, ಅನಂತರ ದೇವದುರ್ಗದಲ್ಲಿ, ಮೇ 4ರಿಂದ 6ರೊಳಗೆ ಆಗುತ್ತದೆ. ಆ ಬಳಿಕ ಮೂರು ತಿಂಗಳು ನಡುಹಗಲಿನ ನೆರಳು ದಕ್ಷಿಣಕ್ಕೆ! ಜೂನ್ 21ರ ಸುಮಾರಿಗೆ ಅದು 12–13 ಸೆಂಟಿಮೀಟರಿನಷ್ಟಾಗಿ, ಮತ್ತೆ ಕುಗ್ಗಿ, ಆಗಸ್ಟ್ 7ರಿಂದ 9ರೊಳಗೆ ಇನ್ನೊಮ್ಮೆ ಮಾಯವಾಗುತ್ತದೆ. ಈ ಸಲ ದೇವದುರ್ಗ ಮೊದಲು, ಮಾನ್ವಿ ಕೊನೆಗೆ. ಆಗ ಮೋಡದ ಕಾಟ ಉಂಟು. ಆದುದರಿಂದ ಮೇ ತಿಂಗಳೇ ಲೇಸು.

ಒಂದು ಎಚ್ಚರಿಕೆ. ನಮ್ಮ ಊರುಗಳ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ. ಭಾರತದ ಗಡಿಯಾರಗಳೆಲ್ಲ 82½ ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ ಹೊಂದಿಕೊಂಡಿವೆ. ನಾವು ಅದಕ್ಕಿಂತ ಐದು ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮಲ್ಲಿಗೆ ತಡವಾಗಿ ಬರುತ್ತಾನೆ. ಮೇ ಮೊದಲ ವಾರದಲ್ಲಿ ನೆರಳು ಅಡಗುವ ಹೊತ್ತು ರಾಯಚೂರಿನಲ್ಲಿ ಸುಮಾರು 12 ಗಂಟೆ 17 ನಿಮಿಷ. ಮಾನ್ವಿ, ದೇವದುರ್ಗಗಳಲ್ಲಿ ಒಂದೆರಡು ನಿಮಿಷ ತಡ. ರೇಡಿಯೊದಲ್ಲಿ ಹೇಳುವ ವೇಳೆಗೆ ಗಡಿಯಾರವನ್ನು ಸರಿಮಾಡಿಕೊಳ್ಳಿ. ಮಕ್ಕಳನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಆ ಬಿಸಿಲಿನಲ್ಲಿ ನಿಲ್ಲಿಸಬೇಡಿ. ಕಾಲಿಗೆ ಚಪ್ಪಲಿ, ತಲೆಗೆ ಬಟ್ಟೆ ಇರಲಿ.

ಮೂರನೆಯ ಆಟ: ಗ್ರಹಣ

ಜೋಳದ ದಂಟಿನ ಬೆಂಡಿಗೆ ಪೊರಕೆಕಡ್ಡಿ ಸುಲಭವಾಗಿ ಇಳಿಯುತ್ತದೆ. ಗೇಣುದ್ದದ ಎರಡು ಕಡ್ಡಿಗಳನ್ನು ತೆಗೆದುಕೊಂಡು ಒಂದರ ತುದಿಗೆ ಭೂಮಿ, ಇನ್ನೊಂದರ ತುದಿಗೆ ಚಂದ್ರನನ್ನು ಸಿಕ್ಕಿಸಿ, 120 ಸೆಂಟಿಮೀಟರು ಅಂತರದಲ್ಲಿ ದಂಟಿಗೆ ಚುಚ್ಚಿರಿ. ಎರಡೂ ಒಂದೇ ಎತ್ತರದಲ್ಲಿರಲಿ. ಬೆಳಿಗ್ಗೆ ಎಂಟು ಗಂಟೆಗೋ ಸಂಜೆ ನಾಲ್ಕೂವರೆಗೋ ಮಗು ಸೂರ್ಯನಿಗೆ ಬೆನ್ನುಮಾಡಿ ನಿಲ್ಲಲಿ. ಚಂದ್ರನ ತುದಿ ಸೂರ್ಯನ ಕಡೆಗಿರಬೇಕು. ಕಣ್ಣು ಭೂಮಿಯ ಮೇಲಿರಬೇಕು. ದಂಟನ್ನು ಮೆಲ್ಲಗೆ ಅತ್ತಿತ್ತ ಹೊರಳಿಸುತ್ತಿದ್ದರೆ ಚಂದ್ರನ ನೆರಳು ಭೂಮಿಯ ಮೇಲೆ ಬೀಳುತ್ತದೆ. ಸುತ್ತ ಮಸುಕು ನೆರಳು. ನಡುವೆ ಬಲು ಚಿಕ್ಕ ಕಪ್ಪು. ಮಸುಕಿನೊಳಗಿನ ಊರುಗಳಿಗೆ ಪಾರ್ಶ್ವಗ್ರಹಣ, ಆ ಕಪ್ಪಿನೊಳಗಿನ ಊರುಗಳಿಗೆ ಪೂರ್ಣಗ್ರಹಣ. ದಂಟನ್ನು ತಿರುಗಿಸಿ ಭೂಮಿಯನ್ನು ಸೂರ್ಯನ ಕಡೆಗೆ ಹಿಡಿದರೆ ಭೂಮಿಯ ನೆರಳಿನಲ್ಲಿ ಚಂದ್ರ ಪೂರ್ತಿಯಾಗಿ ಮುಳುಗುತ್ತಾನೆ. ಅದು ಚಂದ್ರಗ್ರಹಣ.

ಹಾಗಾದರೆ ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಏಕಾಗುವುದಿಲ್ಲ? ಬುದ್ಧಿವಂತ ಮಗು ಇದನ್ನು ಕೇಳಿಯೇ ಕೇಳುತ್ತದೆ. ಉತ್ತರ ಕಡ್ಡಿಯಲ್ಲೇ ಇದೆ. ಚಂದ್ರನ ದಾರಿ ಐದು ಡಿಗ್ರಿ ಓರೆಯಾಗಿದೆ. ನಮ್ಮ ಅಳತೆಯಲ್ಲಿ ಅವನು 10 ಸೆಂಟಿಮೀಟರು ಮೇಲಕ್ಕೂ ಅಷ್ಟೇ ಕೆಳಕ್ಕೂ ಹೋಗಿಬರುತ್ತಾನೆ. ಚಂದ್ರನ ಕಡ್ಡಿಯನ್ನು ಮೂರು ನಾಲ್ಕು ಸೆಂಟಿಮೀಟರು ಮೇಲೆಳೆದರೆ ಸಾಕು, ನೆರಳು ಭೂಮಿಯನ್ನು ಮುಟ್ಟದೆ ಹಾದುಹೋಗುತ್ತದೆ.

ಈ ಚಿಕ್ಕ ಕಪ್ಪು ನೆರಳು ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋದದ್ದುಂಟು. 1980ರ ಫೆಬ್ರವರಿ 16ರಂದು, ಮಧ್ಯಾಹ್ನ ಮೂರೂವರೆಯ ಮೇಲೆ, ಅದು ಕಾರವಾರದ ಕಡಲಿನ ಕಡೆಯಿಂದ ಬಂದು ನಮ್ಮ ನಾಡನ್ನು ದಾಟಿ ಪೂರ್ವಕ್ಕೆ ಹೋಯಿತು. ಮಾನ್ವಿ, ರಾಯಚೂರುಗಳು ಆ ಪಟ್ಟಿಯೊಳಗಿದ್ದವು. ವೇಣು ಬಪ್ಪು ಅವರು ಆಗ ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಜವಳಗೇರಾದಲ್ಲಿ ಉಪಕರಣಗಳನ್ನು ಹೂಡಿ ಸೂರ್ಯನ ಪ್ರಭಾವಲಯವನ್ನು ಅಭ್ಯಾಸಮಾಡಿತು. ವಿಜ್ಞಾನಿಗಳು ಅಷ್ಟು ದೂರದಿಂದ ಆ ಎರಡು ಮೂರು ನಿಮಿಷಗಳಿಗಾಗಿ ಬಂದಿದ್ದರು. ಅದೇ ಹೊತ್ತಿನಲ್ಲಿ ದೇಶದ ಅನೇಕ ಊರುಗಳಲ್ಲಿ ಬೀದಿಗಳು ಬರಿದಾಗಿದ್ದವು, ಬಾಗಿಲು ಕಿಟಕಿಗಳು ಮುಚ್ಚಿದ್ದವು, ಮಕ್ಕಳು ಒಳಗಿದ್ದರು. ಜೀವಮಾನದಲ್ಲಿ ಒಮ್ಮೆ ಮನೆಯ ಬಾಗಿಲಿಗೇ ಬಂದ ನೋಟವನ್ನು ಎಷ್ಟೋ ಮಕ್ಕಳು ಕಾಣದೆ ಹೋದರು. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದೆಂಬ ಭಯ ಸರಿಯಾದದ್ದೇ. ಅದು ಗ್ರಹಣವಿಲ್ಲದ ದಿನಕ್ಕೂ ಸಲ್ಲುತ್ತದೆ. ಆದರೆ ಅಂದಿನ ಗಾಳಿಗೆ, ಅನ್ನಕ್ಕೆ, ನೀರಿಗೆ ವಿಷ ತಾಕುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅಂದು ಬೀಳುವುದು ಒಂದು ನೆರಳು, ಅಷ್ಟೇ. ನಾಲ್ಕಡಿ ದಂಟಿನ ತುದಿಯಲ್ಲಿ ಆ ನೆರಳನ್ನು ತನ್ನ ಕೈಯಿಂದಲೇ ಬೀಳಿಸಿದ ಮಗುವಿಗೆ ಇದನ್ನು ಬೇರೆಯಾಗಿ ಉಪದೇಶಿಸಬೇಕಾಗಿಲ್ಲ.

2027ರ ಆಗಸ್ಟ್ 2ರಂದು ಮತ್ತೊಂದು ಸೂರ್ಯಗ್ರಹಣವಿದೆ. ಪೂರ್ಣಗ್ರಹಣ ಕಾಣುವುದು ಈಜಿಪ್ಟ್ ಮೊದಲಾದ ದೇಶಗಳಿಗೆ. ನಮಗೆ ಇಳಿಹೊತ್ತಿನ ಪಾರ್ಶ್ವಗ್ರಹಣ, ಅದೂ ಮಳೆಗಾಲದ ಮೋಡ ಬಿಟ್ಟರೆ. ರಟ್ಟಿಗೆ ಸೂಜಿಯಿಂದ ತೂತುಮಾಡಿ, ಅದರ ಮೂಲಕ ಗೋಡೆಯ ಮೇಲೆ ಬೀಳುವ ಬಿಂಬವನ್ನು ನೋಡಿದರೆ ಕಣ್ಣಿಗೆ ಅಪಾಯವಿಲ್ಲ. ಪಕ್ಕದಲ್ಲಿ ದಂಟಿನ ಆಟಿಕೆಯನ್ನು ಹಿಡಿದು, ಆಗ ಚಂದ್ರ ಎಲ್ಲಿದ್ದಾನೆ ಎಂದು ಮಕ್ಕಳೇ ತೋರಿಸಲಿ.

ಆಟಿಕೆ ಮುರಿದರೆ? ಮುರಿಯಲಿ. ಕಾಗದವಿದೆ, ಅಂಟಿದೆ, ದಂಟಿದೆ. ಎರಡನೆಯ ಸಲ ಮಗು ಅದನ್ನು ನಿಮ್ಮ ಸಹಾಯವಿಲ್ಲದೆ ಮಾಡುತ್ತದೆ. ಮೇ ತಿಂಗಳ ರಜೆಯಲ್ಲಿ ಮಾನ್ವಿಯ ಸೋದರಮಾವನ ಮನೆಯಲ್ಲೊಂದು, ದೇವದುರ್ಗದ ಚಿಕ್ಕಮ್ಮನ ಮನೆಯಲ್ಲೊಂದು, ರಾಯಚೂರಿನ ನಿಮ್ಮ ಅಂಗಳದಲ್ಲೊಂದು ಕೋಲು ನಿಲ್ಲಲಿ. ನೆರಳು ಯಾರ ಮನೆಯಲ್ಲಿ ಯಾವ ದಿನ ಅಡಗಿತೆಂದು ಮಕ್ಕಳು ಒಬ್ಬರಿಗೊಬ್ಬರು ಫೋನಿನಲ್ಲಿ ತಿಳಿಸಿಕೊಳ್ಳಲಿ.