ಮೈಕ್ರಾನ್ ಲೆಕ್ಕದ ಕಸುಬು

ಕಾರಿಗೆ ಪಾಲಿಶ್ ಹಾಕಿಸುವುದೆಂದರೆ ಮೇಲೆ ಏನನ್ನೋ ಬಳಿಸುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಬೆಂಗಳೂರಿನ ಯಲಹಂಕ ನ್ಯೂ ಟೌನ್, ಜಕ್ಕೂರು, ಸಹಕಾರನಗರ, ಕೊಡಿಗೇಹಳ್ಳಿಯ ರಸ್ತೆಬದಿಯಲ್ಲಿ ‘ಡೀಟೈಲಿಂಗ್ ಸ್ಟುಡಿಯೊ’ ಎಂಬ ಬೋರ್ಡ್ ಹೊತ್ತ ಶೆಡ್ಡುಗಳೊಳಗೆ ನಡೆಯುವುದು ಅದಕ್ಕೆ ತದ್ವಿರುದ್ಧವಾದ ಕೆಲಸ. ಅಲ್ಲಿ ಬಣ್ಣದ ಮೇಲ್ಪದರವನ್ನು ಅಳೆದು ನೋಡಿ ಸವೆಸುತ್ತಾರೆ. ಗೀರಿನ ತಳದವರೆಗೆ ಸುತ್ತಲಿನ ಮೈ ಇಳಿದರೆ ಗೀರು ಇಲ್ಲವಾಗುತ್ತದೆ. ಆದರೆ ಸವೆದ ಪದರ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಕಡಿಮೆ ಸವೆಸಿ ಹೆಚ್ಚು ಹೊಳಪು ತೆಗೆಯಬಲ್ಲವನೇ ಈ ಕಸುಬಿನಲ್ಲಿ ಜಾಣ.

ಸವೆಸಲು ಸಿಗುವ ದಪ್ಪ ಎಷ್ಟು? ಕಾರ್ಖಾನೆಯಿಂದ ಬಂದ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50. ದಿನಪತ್ರಿಕೆಯ ಹಾಳೆ ಅದಕ್ಕಿಂತ ದಪ್ಪ. ಬಿಸಿಲು, ಮಳೆ, ಹಕ್ಕಿ ಹಿಕ್ಕೆ, ಧೂಳು ಎಲ್ಲವನ್ನೂ ತಡೆಯಬೇಕಾದ್ದು ಆ ಪದರವೇ, ಪಾಲಿಶ್ ಮಷಿನ್ ಸವೆಸುವುದೂ ಅದನ್ನೇ.

ಕಪ್ಪು, ಕಡುನೀಲಿ, ಕಡುಗೆಂಪು ಕಾರಿನವರಿಗೆ ಗೀರಿನ ಗೋಳು ಹೆಚ್ಚು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂಥ ಗೆರೆಗಳು ಏಳುತ್ತವೆ. ಯಾರೋ ವೃತ್ತಾಕಾರವಾಗಿ ಉಜ್ಜಿರಬೇಕು ಅನ್ನಿಸುತ್ತದೆ. ವಾಸ್ತವದಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಮಿಂಚುವುದರಿಂದ ಕಣ್ಣಿಗೆ ಸುತ್ತುಗಳಂತೆ ಕಾಣುತ್ತವೆ. ಟಾರ್ಚ್ ಹಿಡಿದು ಪಕ್ಕಕ್ಕೆ ಸರಿಸಿದರೆ ಬಲೆಯೂ ಜೊತೆಗೇ ಸರಿಯುತ್ತದೆ. ಬಿಳಿ ಕಾರಿನಲ್ಲೂ ಇಷ್ಟೇ ಗೀರುಗಳಿರುತ್ತವೆ, ಕಾಣುವುದಿಲ್ಲ ಅಷ್ಟೆ.

ಇವು ಬರುವುದೆಲ್ಲಿಂದ ಎಂದು ತಿಳಿಯಲು ಬೆಳಗಿನ ಹೊತ್ತು ಉತ್ತರ ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೆ ಸಾಕು. ಒಂದು ಬಕೆಟ್ ನೀರು, ಒಂದೇ ಬಟ್ಟೆ, ಸಾಲು ಸಾಲು ಕಾರು. ಬಳ್ಳಾರಿ ರಸ್ತೆಯ ಉದ್ದಕ್ಕೂ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗದ ಕಾಮಗಾರಿ, ಒಳಗೆ ಹೋದರೆ ಬಡಾವಣೆ ಬಡಾವಣೆಯಲ್ಲೂ ಏಳುತ್ತಿರುವ ಕಟ್ಟಡಗಳು. ಅಲ್ಲಿಂದ ಹಾರಿ ಬಂದು ಕೂರುವ ಮರಳಿನ ಕಣ ಹೆಚ್ಚಾಗಿ ಕ್ವಾರ್ಟ್ಜ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅದರ ಸ್ಥಾನ 7, ಉಕ್ಕನ್ನೇ ಗೀಚಬಲ್ಲದು. ಮೊದಲ ಕಾರಿನಲ್ಲಿ ಬಟ್ಟೆಗೆ ಅಂಟಿದ ಕಣ ಕೊನೆಯ ಕಾರಿನವರೆಗೂ ಉಜ್ಜುತ್ತಾ ಹೋಗುತ್ತದೆ. ತಿಂಗಳಿಗೆ ಕೆಲವು ನೂರು ರೂಪಾಯಿಗೆ ದಿನವೂ ಕಾರು ಒರೆಸುವ ಹುಡುಗನನ್ನು ಬೈದು ಫಲವಿಲ್ಲ. ನೀರು ಹಾಯಿಸಿ ಧೂಳು ಇಳಿಸುವಷ್ಟು ನೀರನ್ನು ಅವನಿಗೆ ಯಾರೂ ಕೊಟ್ಟಿಲ್ಲ.

ಕೊಡುವ ಸ್ಥಿತಿಯಲ್ಲಿ ನಗರವೂ ಇಲ್ಲ. 2024ರ ಬರದಲ್ಲಿ ಬೆಂಗಳೂರು ಜಲಮಂಡಳಿ ಮಾರ್ಚ್ ತಿಂಗಳಿನಿಂದ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. 2025ರ ಫೆಬ್ರುವರಿಯಲ್ಲಿ ಅಂಥದೇ ಆದೇಶ ಮತ್ತೆ ಬಂತು. ಇತ್ತ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಇನ್ನೊಂದು ತೊಡಕು. ಗಡಸು ನೀರಿನ ಹನಿ ಬಿಸಿ ಬಾನೆಟ್ ಮೇಲೆ ಆರಿದರೆ ಸುಣ್ಣದಂಶ ಬಿಳಿಯ ಉಂಗುರವಾಗಿ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಕ್ಲಿಯರ್ ಕೋಟನ್ನೇ ತಿಂದು ಗುರುತು ಮಾಡುತ್ತದೆ.

ಇಂಥ ಕಾರು ಸ್ಟುಡಿಯೊ ಒಳಗೆ ಬಂದ ಕೂಡಲೇ ಮಷಿನ್ ಶುರುವಾದರೆ ಅನುಮಾನಪಡಬೇಕು. ಮೊದಲ ಅರ್ಧ ದಿನ ಬರೀ ತಯಾರಿಯಲ್ಲೇ ಕಳೆಯಬಹುದು. ನೊರೆ ಹಾಕಿ ತೊಳೆಯುತ್ತಾರೆ. ಆಮೇಲೆ ಕ್ಲೇ, ಅಂದರೆ ಜೇಡಿಮಣ್ಣಿನಂತೆ ನಾದಬಹುದಾದ ಒಂದು ಮುದ್ದೆಯನ್ನು ಜಾರುದ್ರವದ ಜೊತೆ ಮೈಮೇಲೆ ಓಡಿಸುತ್ತಾರೆ. ತೊಳೆದರೂ ಬಿಡದ ಸಿಮೆಂಟಿನ ಕಣ, ಮರದ ಅಂಟು, ಕಬ್ಬಿಣದ ಪುಡಿ ಅದಕ್ಕೆ ಹತ್ತಿಕೊಂಡು ಬರುತ್ತವೆ. ಬಾಗಿಲ ಅಂಚು, ರಬ್ಬರ್ ಪಟ್ಟಿ, ಲಾಂಛನಗಳ ಸುತ್ತ ಮಾಸ್ಕಿಂಗ್ ಟೇಪ್ ಬೀಳುತ್ತದೆ.

ನಂತರ ಅಳತೆ. ಅಂಗೈಯಲ್ಲಿ ಹಿಡಿಯುವ ಪುಟ್ಟ ಗೇಜನ್ನು ಬಾನೆಟ್, ಬಾಗಿಲು, ರೂಫ್, ಡಿಕ್ಕಿಯ ಮೇಲೆ ಅಲ್ಲಲ್ಲಿ ಇಟ್ಟು ಮೈಕ್ರಾನ್ ಓದುತ್ತಾರೆ. ಈ ಗೇಜ್ ಕಾರಿನ ಜಾತಕವನ್ನೂ ಹೇಳಿಬಿಡುತ್ತದೆ. ಉಳಿದೆಡೆ 120 ತೋರಿಸಿದ್ದು ಒಂದು ಬಾಗಿಲಿನಲ್ಲಿ 250 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದೆ ಎಂದರ್ಥ, ಸಾವಿರ ದಾಟಿದರೆ ಒಳಗೆ ಪುಟ್ಟಿ ಮೆತ್ತಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹೊಳಪಿಗೆಂದು ಬಂದು ಹಳೆಯ ಅಪಘಾತದ ಸುದ್ದಿ ಕೇಳಿಕೊಂಡು ಹೋಗುವುದೂ ಉಂಟು. ಪ್ಲಾಸ್ಟಿಕ್ ಬಂಪರಿನ ಮೇಲೆ ಮಾತ್ರ ಸಾಮಾನ್ಯ ಗೇಜ್ ನಡೆಯುವುದಿಲ್ಲ, ಅದಕ್ಕೆ ಕೆಳಗೆ ಲೋಹ ಬೇಕು. ಅಲ್ಲಿ ಅನುಭವದ ಕೈಯೇ ಗತಿ.

ಮಷಿನ್‌ಗಳಲ್ಲಿ ಎರಡು ಬಗೆ. ಹಳೆಯದು ರೋಟರಿ. ಒಂದೇ ಅಕ್ಷದ ಮೇಲೆ ನಿಮಿಷಕ್ಕೆ ನೂರಾರರಿಂದ ಮೂರು ಸಾವಿರದವರೆಗೆ ಗಿರ್ರೆಂದು ತಿರುಗುತ್ತದೆ. ಬೇಗ ಕತ್ತರಿಸುತ್ತದೆ, ಬೇಗ ಬಿಸಿಯಾಗುತ್ತದೆ. ಒಂದೇ ಜಾಗದಲ್ಲಿ ಅರೆಕ್ಷಣ ಹೆಚ್ಚು ನಿಂತರೆ, ಅದರಲ್ಲೂ ಬಾನೆಟ್ಟಿನ ಏಣು ಅಥವಾ ಬಾಗಿಲ ಅಂಚಿನ ಮೇಲೆ, ಕ್ಲಿಯರ್ ಕೋಟ್ ಸುಟ್ಟೇ ಹೋಗುತ್ತದೆ. ಅಂಚುಗಳಲ್ಲಿ ಪದರ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಹಾಗೆ ಸುಟ್ಟ ಜಾಗಕ್ಕೆ ಪಾಲಿಶ್‌ನಲ್ಲಿ ಔಷಧಿಯಿಲ್ಲ, ಬಣ್ಣ ಹೊಡೆಯುವವರ ಬಳಿಗೇ ಹೋಗಬೇಕು. ಎರಡನೆಯದು ಡ್ಯುಯಲ್ ಆ್ಯಕ್ಷನ್. ಇದರ ಪ್ಯಾಡು ತನ್ನ ಸುತ್ತ ತಿರುಗುತ್ತಲೇ ಓಲಾಡುತ್ತದೆ. ಬಿಸಿ ಕಡಿಮೆ, ಅಪಾಯವೂ ಕಡಿಮೆ. ಮಿಲಾನ್ ಮೂಲದ ರೂಪೆಸ್ ಕಂಪನಿ 15 ಮತ್ತು 21 ಮಿಲಿಮೀಟರ್ ಓಲಾಟದ ಬಿಗ್‌ಫುಟ್ ಮಷಿನ್‌ಗಳನ್ನು ತಂದ ಮೇಲೆ, ನಿಧಾನದ್ದು ಎಂಬ ಹೆಸರು ಹೊತ್ತಿದ್ದ ಈ ಬಗೆಗೆ ಬೇಡಿಕೆ ಏರಿತು.

ಮಷಿನ್ನಿಗಿಂತ ದೊಡ್ಡ ತೀರ್ಮಾನ ಪ್ಯಾಡು ಮತ್ತು ಅದಕ್ಕೆ ಹಚ್ಚುವ ಕಾಂಪೌಂಡಿನ ಜೋಡಿ. ಉಣ್ಣೆಯ ಪ್ಯಾಡು ಹೆಚ್ಚು ಕತ್ತರಿಸುತ್ತದೆ, ಮೆತ್ತನೆಯ ಫೋಮ್ ಹೊಳಪು ಕೊಡುತ್ತದೆ, ಮೈಕ್ರೊಫೈಬರ್ ನಡುವಿನದು. ಕಾಂಪೌಂಡಿನಲ್ಲಿರುವುದು ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡಿನ ಅತಿ ನುಣ್ಣನೆ ಪುಡಿ. ಒಂದೇ ಜೋಡಿ ಎಲ್ಲ ಕಾರಿಗೂ ಒಗ್ಗುವುದಿಲ್ಲ. ಕೆಲವು ಕಂಪನಿಗಳ ಕ್ಲಿಯರ್ ಕೋಟ್ ಮೆದು, ಕೆಲವದು ಗಟ್ಟಿ. ಅದಕ್ಕೇ ಬಾನೆಟ್ಟಿನಲ್ಲಿ ಎರಡು ಅಡಿಯ ಚೌಕ ಗುರುತು ಮಾಡಿ ಅತ್ಯಂತ ಮೃದುವಾದ ಜೋಡಿಯಿಂದ ಶುರುಮಾಡುತ್ತಾರೆ. ಗೀರು ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಗಡುಸಾಗುತ್ತಾರೆ. ಸಾಮಾನ್ಯ ಗೀರುಗಳಿಗೆ ಒಂದೆರಡು ಮೈಕ್ರಾನ್ ಸವೆದರೆ ಕೆಲಸ ಮುಗಿಯುತ್ತದೆ. ಉಗುರು ಎಳೆದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಪೂರ್ತಿ ಅಳಿಸಲು ಹೋಗುವುದು ಮೂರ್ಖತನ. ಅದರ ಅಂಚು ಮೃದು ಮಾಡಿ ಎದ್ದು ಕಾಣದಂತೆ ಬಿಡುವವನೇ ತಿಳಿದವನು.

ಮೋಸಕ್ಕೂ ಇಲ್ಲಿ ಜಾಗವಿದೆ. ರಸ್ತೆಬದಿಯ ‘ರಬ್ಬಿಂಗ್ ಪಾಲಿಶ್’ನಲ್ಲಿ ಒಂದೇ ಒರಟು ಕಾಂಪೌಂಡಿನಿಂದ ಉಜ್ಜಿ, ಮೇಲೆ ಎಣ್ಣೆ ಅಥವಾ ವ್ಯಾಕ್ಸ್ ತುಂಬಿದ ದ್ರವ ಬಳಿದರೆ ಸಂಜೆಗೆ ಕಾರು ಕನ್ನಡಿ. ನಾಲ್ಕು ಸಲ ತೊಳೆಯುವಷ್ಟರಲ್ಲಿ ಗೀರುಗಳು ಮರಳುತ್ತವೆ, ಉಜ್ಜಿದವರ ಹೊಸ ಗೀರುಗಳೂ ಜೊತೆಗೂಡಿರುತ್ತವೆ. ಪರೀಕ್ಷೆ ಸುಲಭ: ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹತ್ತಿರದಿಂದ ಎಲ್‌ಇಡಿ ಬೆಳಕು ಬಿಡಬೇಕು. ತುಂಬಿದ್ದು ಅಳಿಸಿಹೋಗುತ್ತದೆ, ನಿಜವಾಗಿ ಸಮವಾದದ್ದು ಹಾಗೇ ಉಳಿಯುತ್ತದೆ. ಹತ್ತಾರು ಸಾವಿರ ರೂಪಾಯಿಯ ಸೆರಾಮಿಕ್ ಕೋಟಿಂಗ್ ಮಾಡಿಸುವವರು ಈ ಪರೀಕ್ಷೆಯನ್ನು ಪಟ್ಟುಹಿಡಿದು ನೋಡಬೇಕು, ಏಕೆಂದರೆ ಕೆಳಗೆ ಉಳಿದ ಗೀರುಗಳು ಕೋಟಿಂಗಿನಡಿ ಹಾಗೇ ಮುಚ್ಚಿಹೋಗುತ್ತವೆ, ಅವನ್ನು ತೆಗೆಯಲು ಕೋಟಿಂಗನ್ನೇ ಸವೆಸಬೇಕಾಗುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಕಾರುಗಳ ಲೆಕ್ಕ ಬೇರೆ. ಅವುಗಳ ಬಣ್ಣಕ್ಕೆ ಕ್ಲಿಯರ್ ಕೋಟ್ ಇರಲಿಲ್ಲ. ಪ್ಯಾಡು ಓಡಿಸಿದರೆ ಕಾರಿನ ಬಣ್ಣವೇ ಪ್ಯಾಡಿಗೆ ಹತ್ತುತ್ತದೆ. ಬಿಸಿಲಿಗೆ ಸುಣ್ಣದಂತೆ ಮಂಕಾದ ಕೆಂಪು, ಮೇಲಿನ ಸತ್ತ ಪದರ ಸರಿದೊಡನೆ ಬೆರಗಾಗುವಂತೆ ಮರಳುತ್ತದೆ. ಆದರೆ ಹಳೆಯ ಕಾರಿನಲ್ಲಿ ಮೂಲ ಬಣ್ಣಕ್ಕೇ ಬೆಲೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂಥ ವಿಂಟೇಜ್ ವಾಹನವೊಂದರ ಮೇಲೆ ಅಷ್ಟೋ ಇಷ್ಟೋ ಉಳಿದ ಮೂಲ ಬಣ್ಣವನ್ನು ಹೊಳಪಿನ ಆಸೆಗೆ ಸವೆಸುವುದಕ್ಕಿಂತ ಮಂಕಾಗಿಯೇ ಇರಲು ಬಿಡುವುದು ಮೇಲು.

ಹೊಸ ಕಾರಿನವರಿಗೆ ಆ ಸಂಕೋಚವಿಲ್ಲ, ಲೆಕ್ಕ ಮಾತ್ರ ಬೇಕು. ಕೆಲಸಕ್ಕೆ ಮುಂಚಿನ ಮತ್ತು ನಂತರದ ಮೈಕ್ರಾನ್ ಅಂಕಿಗಳನ್ನು ಬಾನೆಟ್, ಬಾಗಿಲು, ರೂಫ್ ಎಂದು ಬೇರೆ ಬೇರೆಯಾಗಿ ಬರೆದುಕೊಡಿ ಎಂದು ಗಿರಾಕಿ ಧಾರಾಳವಾಗಿ ಕೇಳಬಹುದು. ಕೊಡುವವರು ಕೊಡುತ್ತಾರೆ. ಆರ್‌ಸಿ, ಇನ್ಶೂರೆನ್ಸ್ ಜೊತೆ ಗ್ಲೋವ್ ಬಾಕ್ಸಿನಲ್ಲಿ ಆ ಚೀಟಿಯೂ ಇದ್ದರೆ, ಮೂರು ವರ್ಷದ ಮೇಲೆ ಇನ್ನೊಬ್ಬರು ಅದೇ ಬಾನೆಟ್ ಮೇಲೆ ಮಷಿನ್ ಇಡುವ ಮುನ್ನ ಎಷ್ಟು ಪದರ ಉಳಿದಿದೆ ಎಂದು ಅಂದಾಜಿಸಬಹುದು.