ಕೆರೆಯಂಗಳದ ಮೆಜೆಸ್ಟಿಕ್

ಬೆಳಗಿನ ಜಾವ ಬೆಂಗಳೂರಿನಲ್ಲಿ ರೈಲಿಳಿದವರು ಚೀಲ, ಮಕ್ಕಳು, ನಿದ್ದೆಗಣ್ಣು ಸಮೇತ ಸುರಂಗದಾರಿ ದಾಟಿ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಬರುತ್ತಾರೆ. ‘ಮಾರ್ಕೆಟ್, ಮಾರ್ಕೆಟ್’ ಎಂದು ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗುತ್ತಾನೆ. ಮಲ್ಲಿಗೆ ಮಾರುವಾಕೆ ಒದ್ದೆ ಗೋಣಿ ಸರಿಸಿ, ಮೊಳ ಅಳೆದು, ಹಲ್ಲಿನಿಂದಲೇ ದಾರ ಕಚ್ಚಿ ಹರಿಯುತ್ತಾಳೆ. ಇವರೆಲ್ಲ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ.

16ನೇ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಕೆರೆ ಅದು. ಪೇಟೆಯ ಬಾಯಾರಿಕೆ ತಣಿಸಿದ್ದು ಅದರ ನೀರೇ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ನಲ್ಲಿ ತಿರುಗಿಸಿದವರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಮೇಲೆ ಹೂಳೆತ್ತುವವರು ಯಾರು? ನೀರು ಇಂಗಿ ಬಯಲಾಯಿತು, ಬಯಲಿಗೆ ಸುಭಾಷ್ ನಗರ ಎಂಬ ಹೆಸರಾಯಿತು. ಅಲ್ಲಿ ಸಭೆ ನಡೆದವು, ವಸ್ತುಪ್ರದರ್ಶನ ನಡೆದವು. ಆಮೇಲೆ ಬಸ್ಸು ಬಂದವು, ಬಸ್ಸಿನ ಕೆಳಗೆ ಮೆಟ್ರೊ ಬಂತು.

ಕೆರೆಯ ಸುತ್ತಣ ದಾರಿಗಳಲ್ಲಿ ಸಿನಿಮಾ ಮಂದಿರಗಳು ಎದ್ದು ನಿಂತದ್ದು ಇನ್ನೊಂದು ಕಥೆ. ಕೆಂಪೇಗೌಡ ರಸ್ತೆಯಲ್ಲಿ ಹೊಸ ಚಿತ್ರ ಬಿಡುಗಡೆಯಾದರೆ ಆಳೆತ್ತರದ ಕಟೌಟು, ಅದರ ಕೊರಳಿಗೆ ಹಾರ, ಮೆರವಣಿಗೆ, ಬ್ಲ್ಯಾಕಿನಲ್ಲಿ ಟಿಕೆಟು. ಇಡೀ ಬಡಾವಣೆಗೆ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರವೇ ಇಂದು ಇಲ್ಲ. ಸಾಗರ್, ಕೆಂಪೇಗೌಡ, ಕಲ್ಪನಾ ಇಲ್ಲ. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಆಯಿತು. ಸುಬೇದಾರ್ ಛತ್ರ ರಸ್ತೆಯ ಕಪಾಲಿ 1968ರಲ್ಲಿ ತೆರೆದಾಗ ಅದರ ಅಗಲ ಪರದೆ ನೋಡಲೆಂದೇ ಜನ ಬರುತ್ತಿದ್ದರು. ಸಾವಿರಕ್ಕೂ ಹೆಚ್ಚು ಆಸನಗಳ ಆ ಮಂದಿರವನ್ನು 2017ರಲ್ಲಿ ಮುಚ್ಚಿ ಕೆಡವಿದರು. ಒಂಟಿ ಪರದೆಯ ಲೆಕ್ಕ ನೆಲದ ಬೆಲೆಗೆ ತಾಳೆಯಾಗದು ಎನ್ನುತ್ತಾರೆ ವ್ಯಾಪಾರ ಬಲ್ಲವರು. ಇರಬಹುದು. ಆದರೂ ಗಾಂಧಿ ಕ್ಲಾಸಿನ ಸೀಟಿಯಿಂದ ಬಾಲ್ಕನಿಯ ಪಿಸುಮಾತಿನವರೆಗೆ ಊರೆಲ್ಲ ಒಂದೇ ಕತ್ತಲಲ್ಲಿ ಕೂರುತ್ತಿದ್ದ ಜಾಗ ಮಾಲಿನಲ್ಲಿ ಸಿಗುವುದಿಲ್ಲ.

ಕೆರೆ ಮಾತ್ರ ಪೂರ್ತಿ ಅಳಿಸಿಹೋಗಿಲ್ಲ. ಅಣ್ಣಮ್ಮ ದೇವಿಯ ಗುಡಿ ಇದ್ದಲ್ಲೇ ಇದೆ. ಊರದೇವತೆಗೆ ಇಂದಿಗೂ ಭಕ್ತರ ಸಾಲು. ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಏರಿಯ ಗುರುತು ಉಳಿಸಿಕೊಂಡಿದೆ. ಸುತ್ತಲಿನ ರಸ್ತೆಗಳಿಂದ ನಿಲ್ದಾಣದ ಕಡೆ ನಡೆದು ನೋಡಿ, ಕಾಲು ತಾನಾಗಿ ಇಳಿಜಾರಿಗೆ ಬೀಳುತ್ತದೆ. ಜೋರು ಮಳೆ ಬಂದಾಗ ನೀರೂ ಅದೇ ದಾರಿ ಹಿಡಿಯುತ್ತದೆ. ಚರಂಡಿ ಕಟ್ಟಿದೆ ಎಂದು ನಾವು ಬೈಯುತ್ತೇವೆ. ನೀರು ಹಳೆಯ ಮನೆಗೆ ಹೊರಟಿರುತ್ತದೆ, ಅಷ್ಟೇ.

ಕೆರೆ ಕಟ್ಟಿಸಿದವರ ಹೆಸರನ್ನೇ ಕೆರೆ ನುಂಗಿದ ನಿಲ್ದಾಣಕ್ಕೂ ಇಟ್ಟಿದ್ದೇವೆ. ಇಟ್ಟದ್ದು ಸರಿಯೇ. ಅದರ ಜೊತೆಗೆ, ಬಸ್ಸಿಗೆ ಕಾಯುವವರ ಕಣ್ಣಿಗೆ ಬೀಳುವಂತೆ ಒಂದು ಕಂಬಕ್ಕೆ ಧರ್ಮಾಂಬುಧಿಯ ಹಳೆಯ ನಕ್ಷೆಯನ್ನೂ ದೊಡ್ಡದಾಗಿ ಬರೆಸಿ ಹಾಕಲಿ. ಜಾಹೀರಾತಿಗೆ ಇಷ್ಟೊಂದು ಗೋಡೆ ಕೊಟ್ಟವರಿಗೆ ಅದೇನೂ ಕಷ್ಟದ ಕೆಲಸವಲ್ಲ.